ಅಮೆರಿಕದ ಮಿಡ್‌ಟರ್ಮ್ ಫಲಿತಾಂಶ: ಹೌಸ್ ಹೋಯ್ತು, ಸೆನೆಟ್ ಉಳೀತು. ಹಾಗಾದ್ರೆ ಅಧಿಕಾರ ಯಾರ ಕೈಗೆ ಬಂತು?

ಹಾಸನದ_ಹುಡುಗ
18 ನವೆಂಬರ್ 2022

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿರುವ ಕನ್ನಡಿಗರು, ಅಲ್ಲಿನ ರಾಜಕೀಯ ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ನವೆಂಬರ್ 8ಕ್ಕೆ ಮಿಡ್‌ಟರ್ಮ್, ಅಂದರೆ ಅಧ್ಯಕ್ಷರ ಅವಧಿಯ ನಡುವೆ ಬರುವ ಚುನಾವಣೆ ಆಯಿತು. 12ನೇ ತಾರೀಕು ನೆವಾಡಾ ಗೆದ್ದು ಅಧ್ಯಕ್ಷ ಬೈಡನ್ ಪಕ್ಷದ ಡೆಮಾಕ್ರಟರು ಮೇಲ್ಮನೆ ಸೆನೆಟ್ ಉಳಿಸಿಕೊಂಡರು. ಮೊನ್ನೆ 16ಕ್ಕೆ ರಿಪಬ್ಲಿಕನ್ನರಿಗೆ ಕೆಳಮನೆ ಹೌಸ್‌ನಲ್ಲಿ ಬಹುಮತಕ್ಕೆ ಬೇಕಾದ 218 ಸಿಕ್ಕಿದ್ದು ಖಚಿತವಾಯಿತು. ಕೆಲವು ಕಡೆ ಎಣಿಕೆ ಇನ್ನೂ ಮುಗಿದೇ ಇಲ್ಲ. ಒಂದು ಚಾನೆಲ್‌ನಲ್ಲಿ ಬೈಡನ್‌ಗೆ ಮುಖಭಂಗ ಅಂತಾರೆ, ಇನ್ನೊಂದರಲ್ಲಿ ಬೈಡನ್ ಬಚಾವಾದರು ಅಂತಾರೆ.

ನನಗೆ ಅರ್ಥ ಆಗದೇ ಇರೋದು ಇದು. ನಮ್ಮಲ್ಲಿ 2019ರ ಜುಲೈನಲ್ಲಿ ವಿಶ್ವಾಸಮತಕ್ಕೆ 99, ವಿರುದ್ಧ 105 ಬಿತ್ತು. ಅವತ್ತೇ ಕುಮಾರಸ್ವಾಮಿ ಸರ್ಕಾರ ಹೋಯಿತು. ಅಲ್ಲಿ ಕೆಳಮನೆಯೇ ಕೈತಪ್ಪಿದರೂ ಬೈಡನ್ 2025ರ ಜನವರಿವರೆಗೆ ಕುರ್ಚಿಯಲ್ಲೇ ಇರುತ್ತಾರೆ. ಹಾಗಿದ್ದರೆ ಬದಲಾಗಿದ್ದಾದರೂ ಏನು? ಜೂನ್‌ನಲ್ಲಿ ಹಣದುಬ್ಬರ 9.1% ಮುಟ್ಟಿತ್ತು, 40 ವರ್ಷದಲ್ಲೇ ಜಾಸ್ತಿ. ಆದರೂ ಎಲ್ಲರೂ ಹೇಳುತ್ತಿದ್ದ ಆ 'ಕೆಂಪು ಅಲೆ', ಅಂದರೆ ರಿಪಬ್ಲಿಕನ್ನರ ಭಾರಿ ಗೆಲುವು, ಯಾಕೆ ಬರಲಿಲ್ಲ?

ಇನ್ನೊಂದು, ನನ್ನ ಚಿಕ್ಕಮ್ಮನ ಮಗಳು ಮತ್ತು ಭಾವ ಡಲ್ಲಾಸ್ ಹತ್ತಿರ ಇದ್ದಾರೆ, ಎಚ್-1ಬಿ ಕೆಲಸದ ವೀಸಾ ಮೇಲೆ. ಇದರಿಂದ ಅಂಥವರಿಗೆ ಒಳ್ಳೆಯದಾಗುತ್ತಾ, ಕೆಟ್ಟದಾಗುತ್ತಾ?

---

ಧಾರವಾಡ_ಮೇಷ್ಟ್ರು
18 ನವೆಂಬರ್ 2022

ತಮ್ಮಾ, ಒಳ್ಳೆಯ ಪ್ರಶ್ನೆ. ನಾನು ಬಹಳ ವರ್ಷ ಪಿಯುಸಿ ಮಕ್ಕಳಿಗೆ ರಾಜ್ಯಶಾಸ್ತ್ರ ಕಲಿಸಿದವನು. ಈ ಗೊಂದಲ ಪ್ರತಿ ವರ್ಷ ಕ್ಲಾಸಿನಲ್ಲಿ ಬರುತ್ತಿತ್ತು.

ನಮ್ಮಲ್ಲಿ ಸರ್ಕಾರ ಅನ್ನೋದು ಸದನದ ಹೊಟ್ಟೆಯಿಂದ ಹುಟ್ಟುತ್ತದೆ. ಸದನ ಕೈಬಿಟ್ಟರೆ ಸರ್ಕಾರ ಇಲ್ಲ. 1999ರಲ್ಲಿ ವಾಜಪೇಯಿ 269-270ರಲ್ಲಿ, ಒಂದೇ ಒಂದು ಮತದಲ್ಲಿ ಸೋತು ಮನೆಗೆ ಹೋದರು. ಅಮೆರಿಕದಲ್ಲಿ ಅಧ್ಯಕ್ಷನಿಗೂ ಸದನಕ್ಕೂ ಬೇರೆ ಬೇರೆ ಮತ. ಹೌಸ್‌ನ 435 ಸೀಟಿಗೂ ಎರಡು ವರ್ಷಕ್ಕೊಮ್ಮೆ ಚುನಾವಣೆ. ಸೆನೆಟ್‌ನ 100ರಲ್ಲಿ ಮೂರನೇ ಒಂದು ಭಾಗಕ್ಕೆ ಎರಡು ವರ್ಷಕ್ಕೊಮ್ಮೆ, ನಮ್ಮ ರಾಜ್ಯಸಭೆಯ ಹಾಗೆ. ಆದರೆ ನೇರವಾಗಿ ಜನರೇ ಆರಿಸುತ್ತಾರೆ. 1913ಕ್ಕೆ ಮುಂಚೆ ಅಲ್ಲೂ ರಾಜ್ಯಗಳ ಶಾಸಕರೇ ಸೆನೆಟರುಗಳನ್ನು ಆರಿಸುತ್ತಿದ್ದರು.

ಹಾಗಾಗಿ ಬೈಡನ್ ಬೀಳುವ ಪ್ರಶ್ನೆಯೇ ಇಲ್ಲ. ಆದರೆ ಕೈ ಕಟ್ಟಿದ ಹಾಗಾಯಿತು. ತೆರಿಗೆಯ ಮಸೂದೆ ಹೌಸ್‌ನಲ್ಲೇ ಹುಟ್ಟಬೇಕು. ಬಜೆಟ್ಟಿಗೆ ಎರಡೂ ಸದನ ಒಪ್ಪಬೇಕು. ಒಪ್ಪದಿದ್ದರೆ, ನಮ್ಮಲ್ಲಿ ಸಾಮಾನ್ಯ ಮಸೂದೆಗಳಿಗೆ ಇರುವ ಹಾಗೆ ಜಂಟಿ ಅಧಿವೇಶನ ಕರೆಯುವ ದಾರಿಯೂ ಇಲ್ಲ. ಸುಮ್ನೆ ನಿಂತುಹೋಗುತ್ತದೆ. 2018ರ ಡಿಸೆಂಬರ್‌ನಲ್ಲಿ ಗಡಿ ಗೋಡೆಯ ಹಣಕ್ಕೆ ಟ್ರಂಪ್ ಪಟ್ಟು ಹಿಡಿದಾಗ ಸರ್ಕಾರಿ ಕಚೇರಿಗಳು 35 ದಿನ ಬಾಗಿಲು ಹಾಕಿದ್ದವು. ವಿಮಾನ ನಿಲ್ದಾಣದಲ್ಲಿ ಬ್ಯಾಗ್ ತಪಾಸಣೆ ಮಾಡುವವರು ಸಂಬಳ ಇಲ್ಲದೆ ದುಡಿದರು.

ಇನ್ನು ಹೌಸ್‌ನ ಸಮಿತಿಗಳ ಅಧ್ಯಕ್ಷ ಸ್ಥಾನವೆಲ್ಲಾ ರಿಪಬ್ಲಿಕನ್ನರ ಕೈಗೆ ಹೋಗುತ್ತದೆ. ಯಾರನ್ನು ಬೇಕಾದರೂ ಸಮನ್ಸ್ ಕೊಟ್ಟು ಕರೆಸಬಹುದು. ಬೈಡನ್ ಕುಟುಂಬದ ವ್ಯವಹಾರದ ತನಿಖೆ ಮಾಡ್ತೀವಿ ಅಂತ ಆ ಪಕ್ಷದ ಹೌಸ್ ಸದಸ್ಯರಾದ ಜೇಮ್ಸ್ ಕೋಮರ್ ಮತ್ತು ಜಿಮ್ ಜೋರ್ಡನ್ ನಿನ್ನೆಯೇ ಪತ್ರಿಕಾಗೋಷ್ಠಿ ಮಾಡಿ ಹೇಳಿದ್ದಾರೆ. ಅತ್ತ ಸೆನೆಟ್ ಉಳಿದಿದ್ದರಿಂದ ಬೈಡನ್‌ಗೆ ಒಂದು ದೊಡ್ಡ ಲಾಭ ಇದೆ. ನ್ಯಾಯಾಧೀಶರ ನೇಮಕಕ್ಕೆ ಸೆನೆಟ್ ಒಂದೇ ಸಾಕು, ಹೌಸ್ ಬೇಕಿಲ್ಲ.

ನನಗೆ ಭಯ ಇರುವುದು ಸಾಲದ ಮಿತಿಯ ಬಗ್ಗೆ. ಖರ್ಚಿಗೆ ಒಪ್ಪಿಗೆ ಕೊಟ್ಟವರೇ, ಆ ಖರ್ಚಿಗೆ ಸಾಲ ಎತ್ತಲು ಮತ್ತೆ ಬೇರೆ ಒಪ್ಪಿಗೆ ಕೊಡಬೇಕು. 2011ರಲ್ಲಿ ಇದೇ ರೀತಿ ಹೌಸ್ ಒಬ್ಬರ ಕೈಲಿ, ಅಧ್ಯಕ್ಷ ಸ್ಥಾನ ಇನ್ನೊಬ್ಬರ ಕೈಲಿ ಇತ್ತು. ಕೊನೇ ಗಳಿಗೆಯವರೆಗೆ ಎಳೆದಾಡಿದರು, ದೇಶದ ಸಾಲದ ರೇಟಿಂಗ್ ಮೊದಲ ಸಲ ಕೆಳಗಿಳಿಯಿತು. ಇಂಥದ್ದು ಅಲ್ಲಿ ಆದರೆ ಮುಂಬೈ ಷೇರುಪೇಟೆಯೂ ಅಲುಗಾಡುತ್ತದೆ.

---

ಕ್ಯಾಂಟನ್_ಅಕ್ಕ
19 ನವೆಂಬರ್ 2022

ಮೇಷ್ಟ್ರು ವಾಷಿಂಗ್ಟನ್ ಬಗ್ಗೆ ಚೆನ್ನಾಗಿ ಹೇಳಿದ್ದಾರೆ. ನಾನು ಮಿಷಿಗನ್‌ನಲ್ಲಿದ್ದೀನಿ, ಡೆಟ್ರಾಯಿಟ್ ಪಕ್ಕದ ಕ್ಯಾಂಟನ್ ಟೌನ್‌ಶಿಪ್‌ನಲ್ಲಿ. ಪೌರತ್ವ ಬಂದ ಮೇಲೆ ಒಂದು ಚುನಾವಣೆಯನ್ನೂ ಬಿಟ್ಟಿಲ್ಲ. ನನ್ನ ಪ್ರಕಾರ ಈ ಸಲದ ದೊಡ್ಡ ಅಧಿಕಾರ ಬದಲಾವಣೆ ವಾಷಿಂಗ್ಟನ್‌ನಲ್ಲಿ ಆಗಿಲ್ಲ. ನಮ್ಮ ರಾಜಧಾನಿ ಲ್ಯಾನ್ಸಿಂಗ್‌ನಲ್ಲಿ ಆಗಿದೆ. ಇಂಡಿಯಾದ ಟಿವಿಯಲ್ಲಿ ಇದು ಬಂದೇ ಇಲ್ಲ ಅನ್ಸುತ್ತೆ. ಹಾಗಾಗಿ ಸ್ವಲ್ಪ ಉದ್ದ ಬರೀತೀನಿ.

ಸುಮಾರು 40 ವರ್ಷದ ಮೇಲೆ ಮೊದಲ ಸಲ ಮಿಷಿಗನ್‌ನ ಎರಡೂ ಸದನ ಮತ್ತು ಗವರ್ನರ್ ಸ್ಥಾನ ಡೆಮಾಕ್ರಟರಿಗೆ ಒಟ್ಟಿಗೆ ಸಿಕ್ಕಿದೆ. ಕೆಳಮನೆಯಲ್ಲಿ 56-54, ಸೆನೆಟ್‌ನಲ್ಲಿ 20-18. ಎರಡರಲ್ಲೂ ಕೂದಲೆಳೆಯ ಅಂತರ. ಗವರ್ನರ್ ಗ್ರೆಚೆನ್ ವಿಟ್ಮರ್ ಮಾತ್ರ 10 ಶೇಕಡಾಕ್ಕಿಂತ ಜಾಸ್ತಿ ಅಂತರದಲ್ಲಿ ಗೆದ್ದರು.

ಇದು ಒಂದೇ ರಾತ್ರಿಯಲ್ಲಿ ಆಗಿದ್ದಲ್ಲ. ಇಲ್ಲಿ ಹೆಚ್ಚಿನ ರಾಜ್ಯಗಳಲ್ಲಿ ಕ್ಷೇತ್ರದ ಗಡಿ ಬರೆಯುವವರು ಶಾಸಕರೇ. ನಮ್ಮ ಊರಲ್ಲಿ ಕ್ಷೇತ್ರ ಪುನರ್ವಿಂಗಡಣೆಗೆ ನಿವೃತ್ತ ನ್ಯಾಯಮೂರ್ತಿಯ ಆಯೋಗ ಇರುತ್ತದಲ್ಲ, ಆ ಪದ್ಧತಿ ಇಲ್ಲಿ ಇಲ್ಲ. ಅಧಿಕಾರದಲ್ಲಿರುವವರು ತಮಗೆ ಬೇಕಾದ ಹಾಗೆ ಗೆರೆ ಎಳೆದುಕೊಳ್ಳುತ್ತಾರೆ. 2018ರಲ್ಲಿ ಮಿಷಿಗನ್ ಕೆಳಮನೆಗೆ ಒಟ್ಟು ಮತ ಡೆಮಾಕ್ರಟರಿಗೇ ಜಾಸ್ತಿ ಬಿತ್ತು, ಆದರೂ 110ರಲ್ಲಿ 58 ಸೀಟು ರಿಪಬ್ಲಿಕನ್ನರಿಗೆ ಹೋಯಿತು. ಅದೇ ವರ್ಷ ಜನ ಇದನ್ನು ಬದಲಾಯಿಸಿದರು. ಶುರುವಾಗಿದ್ದು ಕೇಟಿ ಫಾಹೀ ಅನ್ನೋ ಹುಡುಗಿಯ ಒಂದು ಫೇಸ್‌ಬುಕ್ ಪೋಸ್ಟಿನಿಂದ. ಆಕೆ ಯಾವ ಪಕ್ಷದ ನಾಯಕಿಯೂ ಅಲ್ಲ. ಗೆಳೆಯರು ಸೇರಿ, ಮನೆ ಮನೆ ಸುತ್ತಿ, ಹೆದ್ದಾರಿ ಪಕ್ಕದ ವಿಶ್ರಾಂತಿ ತಾಣಗಳಲ್ಲಿ ನಿಂತು 4 ಲಕ್ಷಕ್ಕೂ ಹೆಚ್ಚು ಸಹಿ ಸಂಗ್ರಹಿಸಿದರು. ಮತಕ್ಕೆ ಹಾಕಿದಾಗ 61% ಜನ ಹೂಂ ಅಂದರು. ಈಗ ಗಡಿ ಬರೆಯೋದು 13 ಜನ ಸಾಮಾನ್ಯ ನಾಗರಿಕರ ಆಯೋಗ: 4 ಡೆಮಾಕ್ರಟರು, 4 ರಿಪಬ್ಲಿಕನ್ನರು, ಯಾವ ಪಕ್ಷಕ್ಕೂ ಸೇರದ 5 ಜನ. ಅರ್ಜಿ ಹಾಕಿದವರಲ್ಲಿ ಚೀಟಿ ಎತ್ತಿದ ಹಾಗೆ ಆಯ್ಕೆ. ಅವರು ಬರೆದ ನಕ್ಷೆಯಲ್ಲಿ ನಡೆದ ಮೊದಲ ಚುನಾವಣೆ ಇದು.

ಇನ್ನು ಕೆಂಪು ಅಲೆ ಯಾಕೆ ಬರಲಿಲ್ಲ ಅಂತ ಕೇಳಿದ್ದೀರಿ. ನಮ್ಮ ರಾಜ್ಯದ ಮಟ್ಟಿಗೆ ಉತ್ತರ ಗರ್ಭಪಾತದ ಹಕ್ಕು. ಜೂನ್ 24ಕ್ಕೆ ಸುಪ್ರೀಂ ಕೋರ್ಟ್ ದೇಶಕ್ಕೆಲ್ಲಾ ಈ ಹಕ್ಕು ಕೊಟ್ಟಿದ್ದ 1973ರ ರೋ ತೀರ್ಪನ್ನು ರದ್ದು ಮಾಡಿತು. ಮಿಷಿಗನ್‌ನಲ್ಲಿ 1931ರ ಒಂದು ಕಾನೂನು ಇನ್ನೂ ಪುಸ್ತಕದಲ್ಲಿತ್ತು. ತಾಯಿಯ ಜೀವ ಉಳಿಸುವುದಕ್ಕೆ ಬಿಟ್ಟು ಬೇರೆ ಯಾವ ಕಾರಣಕ್ಕೆ ಗರ್ಭಪಾತ ಮಾಡಿದರೂ ಅದು ಅಪರಾಧ. ಕೋರ್ಟು ತಡೆದಿದ್ದರಿಂದ ಅದು ಜಾರಿಗೆ ಬರಲಿಲ್ಲ ಅಷ್ಟೇ. ಆಮೇಲೆ ಜನರೇ ಸಹಿ ಹಾಕಿ, ಈ ಹಕ್ಕನ್ನು ರಾಜ್ಯದ ಸಂವಿಧಾನಕ್ಕೆ ಸೇರಿಸುವ ತಿದ್ದುಪಡಿಯನ್ನು ಮತಕ್ಕೆ ತಂದರು. ಪ್ರೊಪೋಸಲ್ 3 ಅಂತ. ಸುಮಾರು 57% ಮತ ಬಂತು. ಕೆಂಟಕಿಯಂಥ ಕಟ್ಟಾ ರಿಪಬ್ಲಿಕನ್ ರಾಜ್ಯದಲ್ಲೂ ಗರ್ಭಪಾತದ ಹಕ್ಕು ಕಿತ್ತುಕೊಳ್ಳುವ ತಿದ್ದುಪಡಿಯನ್ನು ಜನ ತಿರಸ್ಕರಿಸಿದರು.

'ಜೀವ ಉಳಿಸುವುದಕ್ಕೆ ಬಿಟ್ಟು' ಅನ್ನುವ ಮಾತು ಕೇಳಿದಾಗಲೆಲ್ಲಾ ನನಗೆ ನಮ್ಮ ಬೆಳಗಾವಿಯ ಸವಿತಾ ಹಾಲಪ್ಪನವರ್ ನೆನಪಾಗುತ್ತಾಳೆ. ಐರ್ಲೆಂಡ್‌ನಲ್ಲಿ ದಂತವೈದ್ಯೆ ಆಗಿದ್ದ ಹುಡುಗಿ. 2012ರ ಅಕ್ಟೋಬರ್‌ನಲ್ಲಿ 17 ವಾರದ ಗರ್ಭ ಕೈತಪ್ಪುತ್ತಿದೆ ಅಂತ ಗೊತ್ತಿದ್ದರೂ, ಭ್ರೂಣದ ಹೃದಯ ಬಡಿತ ಇದೆ ಅನ್ನುವ ಕಾರಣಕ್ಕೆ ಗಾಲ್ವೇಯಲ್ಲಿ ಗರ್ಭಪಾತ ಮಾಡಲಿಲ್ಲ. ಸೋಂಕು ರಕ್ತಕ್ಕೆ ಏರಿ 31ನೇ ವಯಸ್ಸಿಗೆ ತೀರಿಕೊಂಡಳು. ಆರು ವರ್ಷದ ಮೇಲೆ ಐರ್ಲೆಂಡಿನ ಜನ ಮತ ಹಾಕಿ ಆ ಕಾನೂನನ್ನೇ ತೆಗೆದರು. ಜೀವಕ್ಕೆ ಅಪಾಯ ಯಾವ ಗಂಟೆಗೆ ಶುರುವಾಗುತ್ತದೆ ಅಂತ ವಕೀಲರನ್ನು ಕೇಳಿಕೊಂಡು ವೈದ್ಯರು ಕಾಯಬಾರದು. ಇಂಡಿಯಾದಲ್ಲಿ 1971ರಿಂದಲೇ ಕಾನೂನಿದೆ, ನಾವೆಲ್ಲಾ ಅದರ ನೆರಳಲ್ಲೇ ಬೆಳೆದವರು. ನನ್ನ ಮಗಳಿಗೆ ಅಷ್ಟೂ ಇಲ್ಲದ ಹಾಗಾಗಬಾರದು ಅನ್ನೋದು ನನ್ನ ಒಂದೇ ಹಟ.

ನಾನು ಅಂಚೆ ಮತಪತ್ರ ತರಿಸಿಕೊಂಡಿದ್ದೆ. ಉದ್ದದ ಹಾಳೆ, ಎರಡೂ ಬದಿ ತುಂಬಿದೆ. ಗವರ್ನರ್, ಕಾಂಗ್ರೆಸ್ (ಅಂದರೆ ಅಮೆರಿಕದ ಸಂಸತ್ತು), ರಾಜ್ಯದ ಎರಡು ಸದನ, ವಿಶ್ವವಿದ್ಯಾಲಯಗಳ ಆಡಳಿತ ಮಂಡಳಿ, ನ್ಯಾಯಾಧೀಶರು, ಶಾಲಾ ಮಂಡಳಿ, ಕೊನೆಗೆ ಮೂರು ಪ್ರೊಪೋಸಲ್. ಊರಲ್ಲಿ ಒಂದು ಬಟನ್ ಒತ್ತಿ ಬಂದವರಿಗೆ ಇದು ಪರೀಕ್ಷೆಯ ಉತ್ತರ ಪತ್ರಿಕೆ ಅನ್ಸುತ್ತೆ. ಊಟದ ಮೇಜಿನ ಮೇಲೆ ಹರಡಿಕೊಂಡು, ಶಾಲಾ ಮಂಡಳಿಗೆ ನಿಂತವರು ಯಾರು ಏನು ಅಂತ ಒಬ್ಬೊಬ್ಬರನ್ನೇ ಹುಡುಕಿ ಓದಿ, ಕಪ್ಪು ಪೆನ್ನಿನಲ್ಲಿ ಗುಂಡಿಗಳನ್ನು ತುಂಬಿದೆ. ಲಕೋಟೆ ಮೇಲೆ ಸಹಿ ಮುಖ್ಯ, ಅದು ಅವರ ದಾಖಲೆಯಲ್ಲಿರುವ ಸಹಿಗೆ ಹೊಂದಬೇಕು. ಆಮೇಲೆ ಟೌನ್‌ಶಿಪ್ ಕಚೇರಿಯ ಡ್ರಾಪ್ ಬಾಕ್ಸಿಗೆ ಹಾಕಿ ಬಂದೆ.

ಆನ್ ಆರ್ಬರ್‌ನಲ್ಲಿ ವಿದ್ಯಾರ್ಥಿಗಳು ಅವತ್ತೇ ಹೆಸರು ನೋಂದಾಯಿಸಿ ಮತ ಹಾಕಲು ಸಾಲು ನಿಂತಿದ್ದರು. ರಾತ್ರಿ 8ಕ್ಕೆ ಸಮಯ ಮುಗಿಯುತ್ತದೆ, ಆದರೆ ಅಷ್ಟರೊಳಗೆ ಸಾಲಿನಲ್ಲಿದ್ದರೆ ಎಷ್ಟು ಹೊತ್ತಾದರೂ ಬಿಡಬೇಕು. ಮಧ್ಯರಾತ್ರಿ ದಾಟಿದ ಮೇಲೂ ಆ ಚಳಿಯಲ್ಲಿ ಮಕ್ಕಳು ನಿಂತಿದ್ದರು. ಆ ಮಕ್ಕಳ ಬಗ್ಗೆ ನನಗೆ ತುಂಬಾ ಹೆಮ್ಮೆ ಇದೆ.

---

ಲಾಂಗ್_ಐಲೆಂಡ್_ಕನ್ನಡಿಗ
19 ನವೆಂಬರ್ 2022

ಅಕ್ಕ, ನೀವು ಬರೆದದ್ದು ಗೌರವದಿಂದಲೇ ಓದಿದೆ. ಸವಿತಾ ವಿಷಯದಲ್ಲಿ ನಿಮ್ಮ ಮಾತಿಗೆ ನನ್ನ ತಕರಾರಿಲ್ಲ. ಆದರೆ ನಿಮ್ಮ ರಾಜ್ಯ ನೋಡಿ ಇಡೀ ದೇಶ ಹಾಗೇ ಅಂದುಕೊಳ್ಳಬೇಡಿ. ನಾನು ರಿಪಬ್ಲಿಕನ್ನರಿಗೆ ಮತ ಹಾಕಿದವನು, ಯಾಕೆ ಅಂತ ಹೇಳ್ತೀನಿ.

ದೇಶದಾದ್ಯಂತ ಹೌಸ್‌ಗೆ ಬಿದ್ದ ಒಟ್ಟು ಮತ ನೋಡಿದರೆ ರಿಪಬ್ಲಿಕನ್ನರೇ ಮುಂದಿದ್ದಾರೆ. ಫ್ಲಾರಿಡಾದಲ್ಲಿ ರಿಪಬ್ಲಿಕನ್ ಗವರ್ನರ್ ಡಿಸ್ಯಾಂಟಿಸ್ 19 ಶೇಕಡಾ ಅಂತರದಲ್ಲಿ ಗೆದ್ದರು. ನಮ್ಮ ನ್ಯೂಯಾರ್ಕ್ ಡೆಮಾಕ್ರಟರ ಭದ್ರಕೋಟೆ, ಆದರೂ ಇಲ್ಲೇ ನಾಲ್ಕು ಹೌಸ್ ಸೀಟು ಕೈಬದಲಾದವು. ಲಾಂಗ್ ಐಲೆಂಡಿನ ನಾಲ್ಕಕ್ಕೆ ನಾಲ್ಕೂ ಈಗ ರಿಪಬ್ಲಿಕನ್. ಡೆಮಾಕ್ರಟರ ಹೌಸ್ ಪ್ರಚಾರವನ್ನೆಲ್ಲಾ ನೋಡಿಕೊಳ್ಳುತ್ತಿದ್ದ ಶಾನ್ ಪ್ಯಾಟ್ರಿಕ್ ಮಲೋನಿಯೇ ತನ್ನ ಕ್ಷೇತ್ರದಲ್ಲಿ ಸೋತರು. ಹೌಸ್ ಯಾರದ್ದು ಅನ್ನೋದು ನ್ಯೂಯಾರ್ಕಿನಲ್ಲೇ ತೀರ್ಮಾನ ಆಯಿತು ಅಂದರೂ ತಪ್ಪಿಲ್ಲ.

ಇಲ್ಲಿನ ಜನಕ್ಕೆ ಚಿಂತೆ ಇದ್ದಿದ್ದು ಸುರಕ್ಷತೆ ಮತ್ತು ಬೆಲೆ. ನನ್ನ ಹೆಂಡತಿ ಮ್ಯಾನ್‌ಹ್ಯಾಟನ್‌ನಲ್ಲಿ ಕೆಲಸ ಮುಗಿಸಿ ರಾತ್ರಿ ಸಬ್‌ವೇ ಹತ್ತುವಾಗ ಗೋಡೆಗೆ ಬೆನ್ನು ಕೊಟ್ಟೇ ನಿಲ್ಲುತ್ತಾಳೆ. ಪ್ಲಾಟ್‌ಫಾರ್ಮಿನಿಂದ ಜನರನ್ನು ತಳ್ಳಿದ ಸುದ್ದಿ ಓದಿ ಓದಿ ಬಂದ ಅಭ್ಯಾಸ ಅದು. ಜಾಮೀನು ಕಾನೂನು ಸಡಿಲ ಮಾಡಿದ್ದು ಸರಿ ಇಲ್ಲ ಅಂತ ಹೇಳಿದರೆ ಡೆಮಾಕ್ರಟರು ಕೇಳಿಸಿಕೊಳ್ಳಲೇ ಇಲ್ಲ. ಜೂನ್‌ನಲ್ಲಿ ಪೆಟ್ರೋಲ್ ಗ್ಯಾಲನ್ನಿಗೆ 5 ಡಾಲರ್ ದಾಟಿತು. ಇವೆಲ್ಲಾ ಮನೆ ನಡೆಸುವವರ ಕಷ್ಟ ಅಲ್ವಾ?

ಗಡಿ ಗೆರೆ ಎಳೆಯುವ ವಿಷಯದಲ್ಲಿ ಇಲ್ಲಿ ಆಟ ಆಡಲು ಹೋದವರು ಡೆಮಾಕ್ರಟರೇ. ತಮಗೆ ಅನುಕೂಲವಾಗುವ ನಕ್ಷೆ ಬರೆದರು, ಏಪ್ರಿಲ್‌ನಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯ ಅದನ್ನು ಹೊಡೆದುಹಾಕಿ ಹೊಸದಾಗಿ ಬರೆಸಿತು. ಹಾಗಾಗಿ ನಿಮ್ಮ ರಾಜ್ಯದ ನಾಗರಿಕರ ಆಯೋಗದ ಪದ್ಧತಿ ಎಲ್ಲಾ ಕಡೆ ಬರಲಿ ಅಂತ ನಾನೂ ಹೇಳ್ತೀನಿ, ಯಾವ ಪಕ್ಷ ಆದರೂ ಸರಿ.

---

ಕ್ಯಾಂಟನ್_ಅಕ್ಕ
19 ನವೆಂಬರ್ 2022

ಒಟ್ಟು ಮತದ ವಿಷಯ ನೀವು ಹೇಳಿದ್ದು ನಿಜ. ಆದರೆ ಇತಿಹಾಸವನ್ನೂ ಪಕ್ಕಕ್ಕಿಟ್ಟು ನೋಡಿ. ಮಿಡ್‌ಟರ್ಮ್‌ನಲ್ಲಿ ಅಧ್ಯಕ್ಷನ ಪಕ್ಷ ಪೆಟ್ಟು ತಿನ್ನೋದು ಮಾಮೂಲಿ. 2010ರಲ್ಲಿ ಒಬಾಮಾ ಕಾಲದಲ್ಲಿ ಹೌಸ್‌ನಲ್ಲಿ 63 ಸೀಟು ಹೋಯಿತು, 2018ರಲ್ಲಿ ಟ್ರಂಪ್ ಕಾಲದಲ್ಲಿ 40ರಷ್ಟು. ಕಳೆದ ನೂರು ವರ್ಷದಲ್ಲಿ 1934, 1998, 2002 ಬಿಟ್ಟರೆ ಅಧ್ಯಕ್ಷನ ಪಕ್ಷ ಹೌಸ್‌ನಲ್ಲಿ ಸೀಟು ಹೆಚ್ಚಿಸಿಕೊಂಡಿದ್ದೇ ಇಲ್ಲ. ಇಷ್ಟು ಹಣದುಬ್ಬರದಲ್ಲಿ ನಷ್ಟ ಒಂದಂಕಿಯ ಆಸುಪಾಸಿನಲ್ಲಿ ನಿಂತಿದೆ. 2020ರ ಫಲಿತಾಂಶವೇ ಸುಳ್ಳು ಅಂದವರು ನಿಂತ ಕಡೆಗಳಲ್ಲಿ ಜನ ಎಚ್ಚರ ವಹಿಸಿದರು. ನಮ್ಮಲ್ಲಿ ಚುನಾವಣೆ ನಡೆಸುವ ಸೆಕ್ರೆಟರಿ ಆಫ್ ಸ್ಟೇಟ್ ಹುದ್ದೆಗೆ ಅಂಥವರೇ ನಿಂತಿದ್ದರು, ದೊಡ್ಡ ಅಂತರದಲ್ಲಿ ಸೋತರು. ನಾನು ನಿದ್ದೆಗೆಟ್ಟು ಕಾದಿದ್ದು ಆ ಫಲಿತಾಂಶಕ್ಕೆ.

---

ಪ್ಲೇನೋದಿಂದ
20 ನವೆಂಬರ್ 2022

ಹಾಸನದವರಿಗೆ: ನಿಮ್ಮ ಚಿಕ್ಕಮ್ಮನ ಮಗಳ ವಿಷಯಕ್ಕೆ ನಾನು ಉತ್ತರ ಕೊಡ್ತೀನಿ. ನಾನೂ ಡಲ್ಲಾಸ್ ಪಕ್ಕದಲ್ಲೇ ಇರೋದು, ಎಚ್-1ಬಿ ಮೇಲೆ, ಗ್ರೀನ್ ಕಾರ್ಡ್ (ಖಾಯಂ ವಾಸದ ಪರವಾನಗಿ) ಸಾಲಿನಲ್ಲಿ.

ನೇರವಾಗಿ ಹೇಳಬೇಕೆಂದರೆ ಯಾರು ಗೆದ್ದರೂ ನಮಗೆ ಹತ್ತಿರದಲ್ಲಿ ಏನೂ ಆಗಲ್ಲ. ಉದ್ಯೋಗದ ಮೇಲೆ ಕೊಡುವ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1,40,000. ಒಂದು ದೇಶಕ್ಕೆ 7%ಗಿಂತ ಜಾಸ್ತಿ ಇಲ್ಲ. ಐಸ್‌ಲ್ಯಾಂಡಿಗೂ ಅಷ್ಟೇ, ಇಂಡಿಯಾಕ್ಕೂ ಅಷ್ಟೇ. ಇದನ್ನು ತೆಗೆಯುವ ಮಸೂದೆ 2019ರ ಜುಲೈನಲ್ಲಿ ಹೌಸ್‌ನಲ್ಲಿ 365-65ರಲ್ಲಿ ಪಾಸಾಯಿತು. ಎರಡೂ ಪಕ್ಷದವರು ಮತ ಹಾಕಿದ್ದರು. 2020ರ ಡಿಸೆಂಬರ್‌ನಲ್ಲಿ ಸೆನೆಟ್ ಬೇರೆ ರೂಪದಲ್ಲಿ ಪಾಸ್ ಮಾಡಿತು. ಎರಡನ್ನೂ ಹೊಂದಿಸುವ ಮೊದಲೇ ಜನವರಿ 3 ಬಂತು, ಆ ಕಾಂಗ್ರೆಸ್ಸಿನ ಅವಧಿ ಮುಗಿಯಿತು, ಮಸೂದೆ ಸತ್ತುಹೋಯಿತು. ಇಲ್ಲಿ ಹೀಗೇ. ಅವಧಿ ಮುಗಿದರೆ ಎಲ್ಲಾ ಮೊದಲಿನಿಂದ.

ಈಗ ಈಗಲ್ ಆ್ಯಕ್ಟ್ ಅಂತ ಅದರದ್ದೇ ಹೊಸ ರೂಪ ಇದೆ. ಹೌಸ್ ಕೈಬದಲಾಗುವ ಮೊದಲು, ಅಂದರೆ ಡಿಸೆಂಬರ್ ಒಳಗೆ ಆದರೆ ಆಯಿತು. ಹೊಸ ಹೌಸ್‌ಗೆ ಗಡಿಯ ವಿಷಯವೇ ಮುಖ್ಯ, ಕಾನೂನುಬದ್ಧವಾಗಿ ಬಂದವರ ಸಾಲಿನ ಬಗ್ಗೆ ಕೇಳುವವರು ಕಡಿಮೆ.

ನಿಮ್ಮ ಅಕ್ಕನಿಗೆ ಈಗ ನಿಜವಾದ ಚಿಂತೆ ಕೆಲಸದ್ದು. ಚುನಾವಣೆಯ ಮರುದಿನವೇ ಫೇಸ್‌ಬುಕ್‌ನ ಕಂಪನಿ ಮೆಟಾ 11,000ಕ್ಕೂ ಹೆಚ್ಚು ಜನರನ್ನು ತೆಗೆಯಿತು. ಎಚ್-1ಬಿಯವರಿಗೆ ಕೆಲಸ ಹೋದರೆ 60 ದಿನ ಮಾತ್ರ ಗಡುವು. ಅಷ್ಟರಲ್ಲಿ ಬೇರೆ ಕಂಪನಿ ಅರ್ಜಿ ಹಾಕಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ನನ್ನ ಪಕ್ಕದ ಮನೆಯವರಿಗೆ ಹೀಗಾಗಿದೆ. ಇಬ್ಬರು ಮಕ್ಕಳು ಶಾಲೆಯಲ್ಲಿ ವರ್ಷದ ನಡುವೆ ಇದ್ದಾರೆ, ಮನೆಯ ಸಾಲ ಇದೆ. ಇಷ್ಟು ವರ್ಷ ತೆರಿಗೆ ಕಟ್ಟಿದವರಿಗೆ ಈ ಚುನಾವಣೆಯಲ್ಲಿ ಮತವೂ ಇಲ್ಲ, ಮಾತೂ ಇಲ್ಲ. ಅದು ನನಗೆ ತುಂಬಾ ನೋವಿನ ವಿಷಯ.

---

ಹಾಸನದ_ಹುಡುಗ
20 ನವೆಂಬರ್ 2022

ಎಲ್ಲರಿಗೂ ಧನ್ಯವಾದ. ಅಕ್ಕನಿಗೆ ನಿಮ್ಮ ಉತ್ತರ ಕಳಿಸಿದ್ದೀನಿ, 60 ದಿನದ ವಿಷಯ ಅವಳಿಗೂ ಗೊತ್ತಿತ್ತು, ನಮಗೆ ಹೇಳಿರಲಿಲ್ಲ ಅಷ್ಟೇ.

ಕ್ಯಾಂಟನ್ ಅಕ್ಕ, ಒಂದು ಪ್ರಶ್ನೆ. ನಿಮ್ಮ ಮಿಷಿಗನ್‌ನಿಂದ ಬೆಳಗಾವಿಯವರು ಒಬ್ಬರು ಗೆದ್ದಿದ್ದಾರೆ ಅಂತ ಇಲ್ಲಿ ಪತ್ರಿಕೆಯಲ್ಲಿ ಬಂದಿದೆ. ಶ್ರೀ ಥಾಣೇದಾರ್ ಅಂತ. ಅವರಿಂದ ನಮ್ಮವರಿಗೆ ಸಹಾಯ ಆಗಬಹುದಾ?

---

ಕ್ಯಾಂಟನ್_ಅಕ್ಕ
21 ನವೆಂಬರ್ 2022

ಹೌದು, ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದವರು. ಮನೆಮಾತು ಮರಾಠಿ. ಇಲ್ಲಿ ಓಹಿಯೋದ ಆಕ್ರನ್‌ನಲ್ಲಿ ರಸಾಯನಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿ, ಕಂಪನಿ ಕಟ್ಟಿ ದುಡ್ಡು ಮಾಡಿದರು. 2018ರಲ್ಲಿ ಗವರ್ನರ್ ಆಗಲು ಹೊರಟು ಪಕ್ಷದೊಳಗಿನ ಸ್ಪರ್ಧೆಯಲ್ಲೇ ವಿಟ್ಮರ್ ಎದುರು ಸೋತರು. ಆಮೇಲೆ ರಾಜ್ಯದ ಕೆಳಮನೆಗೆ ಗೆದ್ದರು. ಈಗ ಡೆಟ್ರಾಯಿಟ್ ಇರುವ 13ನೇ ಕ್ಷೇತ್ರದಿಂದ ವಾಷಿಂಗ್ಟನ್‌ಗೆ ಹೋಗುತ್ತಿದ್ದಾರೆ. ಆಮಿ ಬೆರಾ, ರೋ ಖನ್ನಾ, ರಾಜಾ ಕೃಷ್ಣಮೂರ್ತಿ, ಪ್ರಮೀಳಾ ಜಯಪಾಲ್ ನಾಲ್ವರೂ ಮತ್ತೆ ಗೆದ್ದಿದ್ದಾರೆ, ಇವರು ಐದನೆಯವರು.

ಊರಿನವರು ಗೆದ್ದಿದ್ದಕ್ಕೆ ನನಗೂ ಖುಷಿ ಇದೆ. ಆದರೆ ಇದರ ಇನ್ನೊಂದು ಮುಖವನ್ನೂ ನೋಡಬೇಕು. ಡೆಟ್ರಾಯಿಟ್ ದೇಶದ ಅತಿ ದೊಡ್ಡ ಕಪ್ಪು ನಗರಗಳಲ್ಲಿ ಒಂದು. 1955ರಲ್ಲಿ ಚಾರ್ಲ್ಸ್ ಡಿಗ್ಸ್ ಕಾಂಗ್ರೆಸ್ಸಿಗೆ ಹೋದಾಗಿನಿಂದ ಆ ಊರಿಗೆ ಒಬ್ಬರಾದರೂ ಕಪ್ಪು ಪ್ರತಿನಿಧಿ ಇದ್ದೇ ಇದ್ದರು. ಈ ಸಲ ಇಲ್ಲ. ಆಗಸ್ಟ್‌ನ ಪಕ್ಷದೊಳಗಿನ ಚುನಾವಣೆಯಲ್ಲಿ ಹಲವು ಕಪ್ಪು ಅಭ್ಯರ್ಥಿಗಳ ನಡುವೆ ಮತ ಹಂಚಿಹೋಯಿತು. ಥಾಣೇದಾರ್ ಮೂರನೇ ಒಂದು ಭಾಗಕ್ಕೂ ಕಡಿಮೆ ಮತ ಪಡೆದು ಗೆದ್ದರು. ನಾನು ಹೊಗಳಿದ ಆ ಆಯೋಗದ ನಕ್ಷೆಯ ಬಗ್ಗೆಯೂ ಡೆಟ್ರಾಯಿಟ್ ಶಾಸಕರಿಗೆ ಇದೇ ದೂರು. ನಗರವನ್ನು ಸೀಳಿ ಒಂದೊಂದು ತುಂಡನ್ನೂ ಪಕ್ಕದ ಬಿಳಿಯರ ಉಪನಗರಗಳಿಗೆ ಅಂಟಿಸಿದ್ದಾರೆ ಅಂತ ಕೋರ್ಟಿಗೂ ಹೋಗಿದ್ದರು. ಅವರ ನೋವು ನಿಜವಾದದ್ದು. ಥಾಣೇದಾರ್ ಮೊದಲು ಆ ಜನರ ಪ್ರತಿನಿಧಿ ಆಗಬೇಕು, ನಮ್ಮ ವೀಸಾ ಆಮೇಲೆ.

---

ಧಾರವಾಡ_ಮೇಷ್ಟ್ರು
14 ಜನವರಿ 2023

ಎಲ್ಲರಿಗೂ ಸಂಕ್ರಾಂತಿಯ ಶುಭಾಶಯ. ಈ ಮಾತುಕತೆ ಅರ್ಧಕ್ಕೆ ನಿಲ್ಲೋದು ಬೇಡ ಅಂತ ಮತ್ತೆ ಬರೆಯುತ್ತಿದ್ದೇನೆ. ಈಗ ಅಂಕಿಗಳು ಪೂರ್ತಿಯಾಗಿವೆ. ಹೌಸ್‌ನಲ್ಲಿ ರಿಪಬ್ಲಿಕನ್ನರು 222, ಡೆಮಾಕ್ರಟರು 213. ಡಿಸೆಂಬರ್ 6ರ ಜಾರ್ಜಿಯಾ ಮರುಸ್ಪರ್ಧೆಯಲ್ಲಿ ಡೆಮಾಕ್ರಟರ ವಾರ್ನಾಕ್ ಗೆದ್ದಿದ್ದರಿಂದ ಸೆನೆಟ್ ಅವರಿಗೆ 51-49.

ಸ್ಪೀಕರ್ ಆಯ್ಕೆಯನ್ನು ರಾತ್ರಿ ಎದ್ದು ಕೂತು ನೋಡಿದೆ. ರಿಪಬ್ಲಿಕನ್ ನಾಯಕ ಕೆವಿನ್ ಮೆಕಾರ್ಥಿಗೆ ಸ್ವಂತ ಪಕ್ಷದ 20 ಜನ ಅಡ್ಡ ನಿಂತರು. ಜನವರಿ 3ಕ್ಕೆ ಶುರುವಾದದ್ದು 7ರ ನಸುಕಿಗೆ, 15ನೇ ಸುತ್ತಿನಲ್ಲಿ ಮುಗಿಯಿತು. 1923ರ ನಂತರ ಮೊದಲ ಸಲ ಒಂದೇ ಸುತ್ತಿನಲ್ಲಿ ಆಗಲಿಲ್ಲ. ನಮ್ಮಲ್ಲಿ ಹಂಗಾಮಿ ಸ್ಪೀಕರ್ ಮೊದಲು ಎಲ್ಲರಿಗೂ ಪ್ರಮಾಣವಚನ ಕೊಡುತ್ತಾರೆ, ಆಮೇಲೆ ಸ್ಪೀಕರ್ ಚುನಾವಣೆ. ಅಲ್ಲಿ ತಿರುಗುಮುರುಗು. ಸ್ಪೀಕರ್ ಆಗುವವರೆಗೆ ಒಬ್ಬರಿಗೂ ಪ್ರಮಾಣವಚನ ಇಲ್ಲ. ಥಾಣೇದಾರ್ ಸೇರಿದಂತೆ ಗೆದ್ದವರೆಲ್ಲಾ ಅಷ್ಟು ದಿನವೂ ಸದಸ್ಯರೇ ಅಲ್ಲ.

ಇನ್ನೊಂದು ವಿಶೇಷ ನೋಡಿದೆ. ಸದನಕ್ಕೆ ಇನ್ನೂ ನಿಯಮಗಳೇ ಇರಲಿಲ್ಲವಾದ್ದರಿಂದ ಸಿ-ಸ್ಪ್ಯಾನ್ ವಾಹಿನಿಯ ಕ್ಯಾಮೆರಾ ಎಲ್ಲಿ ಬೇಕಾದರೂ ತಿರುಗಬಹುದಿತ್ತು. ಸಾಮಾನ್ಯವಾಗಿ ಮಾತಾಡುವವರನ್ನು ಮಾತ್ರ ತೋರಿಸುತ್ತಾರೆ. ಈ ಸಲ ಹಿಂದಿನ ಸಾಲಿನಲ್ಲಿ ಯಾರು ಯಾರ ಕಿವಿಯಲ್ಲಿ ಏನು ಊದುತ್ತಿದ್ದಾರೆ, ಯಾರು ಯಾರ ಮೇಲೆ ಏರಿಹೋಗುತ್ತಿದ್ದಾರೆ, ಎಲ್ಲಾ ಕಂಡಿತು. ನಮ್ಮಲ್ಲಿ ಇದೇ ಚೌಕಾಸಿ ರೆಸಾರ್ಟಿನ ಗೇಟಿನ ಒಳಗೆ ನಡೆಯುತ್ತದೆ. ಅಲ್ಲಿ ಪಕ್ಷಾಂತರ ನಿಷೇಧ ಕಾಯ್ದೆ ಇಲ್ಲ. ಪಕ್ಷದ ವಿರುದ್ಧ ಮತ ಹಾಕಿದರೆ ಸೀಟು ಹೋಗಲ್ಲ, ಅದಕ್ಕೇ ಎಲ್ಲರೆದುರೇ ಹಾಕಿದರು.

ಮೆಕಾರ್ಥಿ ಕೊಟ್ಟ ಬೆಲೆ ದೊಡ್ಡದು. ಇನ್ನು ಮುಂದೆ ಒಬ್ಬನೇ ಒಬ್ಬ ಸದಸ್ಯ ಎದ್ದು ನಿಂತರೂ ಸ್ಪೀಕರ್ ಇಳಿಸುವ ನಿರ್ಣಯ ತರಬಹುದು. ಲಾಂಗ್ ಐಲೆಂಡಿನಿಂದ ಗೆದ್ದ ರಿಪಬ್ಲಿಕನ್ ಜಾರ್ಜ್ ಸ್ಯಾಂಟೋಸ್ ತನ್ನ ಓದು, ಕೆಲಸದ ಬಗ್ಗೆ ಸುಳ್ಳು ಹೇಳಿದ್ದನ್ನು ತಾನೇ ಒಪ್ಪಿಕೊಂಡ ಮೇಲೂ ಅವನನ್ನು ಹೊರಗೆ ಹಾಕುವ ಧೈರ್ಯ ನಾಯಕರಿಗಿಲ್ಲ. ಬಹುಮತ ಅಷ್ಟು ತೆಳ್ಳಗಿದೆ, ಒಂದೊಂದು ಮತವೂ ಬೇಕು. ತಮ್ಮಾ, ನೀನು ಕೇಳಿದ ಪ್ರಶ್ನೆಗೆ ಈಗ ಹೇಳುತ್ತೇನೆ. ಹೌಸ್‌ನ ಅಧಿಕಾರ ಬಂದದ್ದು ರಿಪಬ್ಲಿಕನ್ ಪಕ್ಷದ ಕೈಗಲ್ಲ, ಅದರೊಳಗಿನ ಆ 20 ಜನರ ಕೈಗೆ. ಹಣಕಾಸು ಕಾರ್ಯದರ್ಶಿ ಯೆಲೆನ್ ನಿನ್ನೆ ಪತ್ರ ಬರೆದಿದ್ದಾರೆ. ಜನವರಿ 19ಕ್ಕೆ 31.4 ಲಕ್ಷ ಕೋಟಿ ಡಾಲರ್ ಸಾಲದ ಮಿತಿ ಮುಟ್ಟುತ್ತದಂತೆ. ಆ 20 ಜನ ಅಲ್ಲಿ ಏನು ಮಾಡುತ್ತಾರೋ ಅನ್ನುವ ಆತಂಕ ನನಗಿದೆ.

---

ಲಾಂಗ್_ಐಲೆಂಡ್_ಕನ್ನಡಿಗ
14 ಜನವರಿ 2023

ಸ್ಯಾಂಟೋಸ್ ರಾಜೀನಾಮೆ ಕೊಡಲೇಬೇಕು. ನಮ್ಮ ನ್ಯಾಸೋ ಕೌಂಟಿಯ ರಿಪಬ್ಲಿಕನ್ ಪಕ್ಷವೇ ಮೂರು ದಿನದ ಹಿಂದೆ ಬಹಿರಂಗವಾಗಿ ಕೇಳಿದೆ, ಇದರಲ್ಲಿ ಪಕ್ಷದ ಪ್ರಶ್ನೆ ಇಲ್ಲ. ಆದರೆ ಆ 20 ಜನರಲ್ಲಿ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ ಮೇಷ್ಟ್ರೇ. ಮಸೂದೆ ಓದಲು 72 ಗಂಟೆ ಸಮಯ ಕೊಡಿ ಅಂತ ಕೇಳಿದ್ದು ನ್ಯಾಯವಾದ ಬೇಡಿಕೆ. ಸಾವಿರಾರು ಪುಟದ ಖರ್ಚಿನ ಮಸೂದೆಯನ್ನು ಕ್ರಿಸ್‌ಮಸ್‌ಗೆ ಎರಡು ದಿನ ಮುಂಚೆ ಯಾರೂ ಓದದೆ ಪಾಸ್ ಮಾಡೋದು ಸರೀನಾ?

---

ಪ್ಲೇನೋದಿಂದ
14 ಜನವರಿ 2023

ಈಗಲ್ ಆ್ಯಕ್ಟ್ ಡಿಸೆಂಬರ್ ಮಧ್ಯದಲ್ಲಿ ಹೌಸ್‌ನಲ್ಲಿ ಮತಕ್ಕೆ ಬರಬೇಕಿತ್ತು. ಬೆಂಬಲ ಸಾಲದು ಅಂತ ಪಟ್ಟಿಯಿಂದ ತೆಗೆದರು. ಈಗ ಅದೂ ಸತ್ತಿದೆ. ಪಕ್ಕದ ಮನೆಯವರಿಗೆ ಮಾತ್ರ ಗಡುವಿನೊಳಗೆ ಕೆಲಸ ಸಿಕ್ಕಿತು, ಸಂಬಳ ಕಡಿಮೆ, ಆದರೂ ಮಕ್ಕಳ ಶಾಲೆ ಉಳಿಯಿತು.

---

ಕ್ಯಾಂಟನ್_ಅಕ್ಕ
15 ಜನವರಿ 2023

ಲ್ಯಾನ್ಸಿಂಗ್‌ನಲ್ಲಿ 11ನೇ ತಾರೀಕು ಹೊಸ ಸದನ ಸೇರಿತು. ಕೆಳಮನೆಗೆ ಜೋ ಟೇಟ್ ಸ್ಪೀಕರ್, ಡೆಟ್ರಾಯಿಟಿನವರು. ಮಿಷಿಗನ್ ಇತಿಹಾಸದಲ್ಲಿ ಮೊದಲ ಕಪ್ಪು ಸ್ಪೀಕರ್. ಸೆನೆಟ್ ನಾಯಕಿ ವಿನಿ ಬ್ರಿಂಕ್ಸ್, ಆ ಸ್ಥಾನಕ್ಕೆ ಬಂದ ಮೊದಲ ಮಹಿಳೆ. ಇಲ್ಲಿ 15 ಸುತ್ತು ಬೇಕಾಗಲಿಲ್ಲ.

ಆ 1931ರ ಕಾನೂನನ್ನು ಪುಸ್ತಕದಿಂದಲೇ ತೆಗೆಯುವ ಮಾತು ನಡೆಯುತ್ತಿದೆ. 56-54 ಅಂದರೆ ಇಲ್ಲೂ ಒಬ್ಬರು ಹಿಂದೆ ಸರಿದರೂ ಮುಗಿಯಿತು. ಅದಕ್ಕೇ ನಮ್ಮ ಕ್ಷೇತ್ರದ ಶಾಸಕರ ಕಚೇರಿಗೆ ಫೋನ್ ಮಾಡಿ ಹೇಳಿದ್ದೀನಿ. ಹೆಸರು, ವಿಳಾಸ ಕೇಳಿ ಬರೆದುಕೊಂಡರು. ಮಿಷಿಗನ್‌ನಲ್ಲಿರುವ ಕನ್ನಡಿಗರು ಯಾರಾದರೂ ಇದನ್ನು ಓದುತ್ತಿದ್ದರೆ ನೀವೂ ಫೋನ್ ಮಾಡಿ. ಗ್ರೀನ್ ಕಾರ್ಡ್ ಇರಲಿ, ವೀಸಾ ಇರಲಿ, ನಮ್ಮ ಕ್ಷೇತ್ರದಲ್ಲಿ ವಾಸ ಇದ್ದರೆ ಸಾಕು, ಕೇಳಿಸಿಕೊಳ್ಳುತ್ತಾರೆ. ಮತ ಇಲ್ಲ ಅಂತ ಪ್ಲೇನೋದವರು ಬರೆದದ್ದು ಓದಿ ಬೇಜಾರಾಗಿತ್ತು. ಮಾತು ಇದೆ, ನಿಮ್ಮ ಕಡೆಯ ಶಾಸಕರಿಗೂ ಮಾಡಿ ನೋಡಿ.